ಸೋಮವಾರ ಹೂಡದ ಕಾರು

ಹೊಸ ಕಾರಿನ ಬಾಗಿಲು ತೆಗೆದ ಕೂಡಲೇ ಒಂದು ವಾಸನೆ ಬರುತ್ತದಲ್ಲ, ಪ್ಲಾಸ್ಟಿಕ್ಕು, ಅಂಟು, ಬಿಸಿಲಿಗೆ ಕಾದ ರೆಕ್ಸಿನ್ನು ಎಲ್ಲ ಬೆರೆತದ್ದು, ಅದು ಬಹಳ ಜನಕ್ಕೆ ಇಷ್ಟ. ಹೋದ ತಿಂಗಳು ಬೆಳಗಾವಿಯ ಶೋರೂಮಿನಲ್ಲಿ ನಮ್ಮ ಮನೆಯವರು ಕಣ್ಣು ಮುಚ್ಚಿ ಅದನ್ನು ಮೂಗಿನ ತುಂಬ ಎಳೆದುಕೊಂಡರು. ಮಗಳು ನೋಡಿ ನಕ್ಕಳು. ನನಗೆ ಮಾತ್ರ ಅದು ಕಾರಿನ ವಾಸನೆ ಅನ್ನಿಸಲೇ ಇಲ್ಲ. ನನ್ನ ಮೂಗಿಗೆ ಕಾರು ಅಂದರೆ ದನ ತಿನ್ನುವ ಜೋಳದ ಕಣಕಿ, ಸಗಣಿ, ವಿಭೂತಿ, ಒಣಗಿ ಕಲ್ಲಾದ ನಿಂಬೆಹಣ್ಣು, ಅದರ ಮೇಲೆ ಒಂಚೂರು ಪೆಟ್ರೋಲು. ಇದನ್ನು ಶೋರೂಮಿನ ಹುಡುಗನಿಗೆ ಹೇಳುವ ಹಾಗಿರಲಿಲ್ಲ. ಆತ ಆಗಲೇ ನನ್ನ ಮೇಲೆ ಬೇಸರ ಮಾಡಿಕೊಂಡಿದ್ದ. "ಈಗ ಯಾರೂ ಇಂಥಾ ಉದ್ದನ ಗಾಡಿ ತಗೊಳಂಗಿಲ್ರಿ ಮೇಡಮ್, ಎಲ್ಲಾರೂ ಎತ್ತರದ್ದ ಕೇಳ್ತಾರ" ಎಂದು ಎತ್ತರದ ಗಾಡಿಗಳ ಕಡೆಗೇ ನಮ್ಮನ್ನು ತಳ್ಳಿಕೊಂಡು ಹೋಗುತ್ತಿದ್ದ. ನಾನು ಹಟ ಹಿಡಿದು ಮೂಲೆಯಲ್ಲಿ ನಿಂತಿದ್ದ, ಹಿಂದೆ ಡಿಕ್ಕಿ ಉದ್ದಕ್ಕೆ ಚಾಚಿಕೊಂಡ ಬಿಳಿ ಕಾರಿನ ಮುಂದೆ ಹೋಗಿ ನಿಂತೆ. ಅದರ ಹಿಂದಿನ ಬಾಗಿಲು ತೆಗೆದು ಮೊದಲು ನೋಡಿದ್ದು ನೆಲವನ್ನು. ನಡುವೆ ಉಬ್ಬು ಇತ್ತು. ಇದೇ ಇರಲಿ ಎಂದೆ.

ನಾನು ಹುಟ್ಟಿ ಬೆಳೆದದ್ದು ಗೋಕಾಕದ ಹತ್ತಿರದ ನಾಗನೂರಿನಲ್ಲಿ. ಮನೆಗೆ ಹಿರಿಯ ನಮ್ಮ ಅಜ್ಜ. ಅಜ್ಜಿಯನ್ನು ನಾನು ಫೋಟೋದಲ್ಲಷ್ಟೇ ಕಂಡವಳು. ಅಪ್ಪ ಹಿರಿಮಗ, ಊರೊಳಗೆ ಕಿರಾಣಿ ಅಂಗಡಿ ನೋಡುತ್ತಿದ್ದ. ಶಿವಾನಂದ ಕಾಕಾ ಕಿರಿಯವ, ಹೊಲ ಅವನ ಪಾಲಿಗೆ. ಅವ್ವ ಮತ್ತು ಕಾಕಿ ಒಂದೇ ಅಡುಗೆಮನೆಯಲ್ಲಿ, ಒಂದೇ ಒಲೆಯ ಎರಡು ಬಾಯಿಗೆ ಎದುರಾಗಿ ಕೂತು ರೊಟ್ಟಿ ಬಡಿಯುತ್ತಿದ್ದರು. ಒಬ್ಬರ ಕೈ ನಿಂತಾಗ ಇನ್ನೊಬ್ಬರದು ಕೇಳುತ್ತಿತ್ತು, ಹೀಗಾಗಿ ಬೆಳಗಿನ ಹೊತ್ತು ಆ ಸಪ್ಪಳ ಕಡಿಯುತ್ತಲೇ ಇರಲಿಲ್ಲ. ಮಕ್ಕಳು ನಾವು ಮೂವರು. ನಾನು, ಕಾಕಾನ ಮಗ ಮಲ್ಲು, ಅವನ ತಂಗಿ ಗೌರಿ. ಪಡಸಾಲೆ ದಾಟಿದರೆ ದನದ ಕೊಟ್ಟಿಗೆ. ಅಲ್ಲಿ ಬಿಳಿಯ, ಕರಿಯ ಎಂಬ ಎತ್ತಿನ ಜೋಡಿ ಇತ್ತು. ಟ್ರ್ಯಾಕ್ಟರ್ ಬಂದು ಬಹಳ ದಿನಗಳಾಗಿದ್ದವು. ಆದರೂ ಅಜ್ಜ ಜೋಡಿಯನ್ನು ಇಟ್ಟುಕೊಂಡಿದ್ದ. ಒಂದು ಬೇಸಿಗೆಯಲ್ಲಿ ಬಿಳಿಯ ಸತ್ತಿತು. ಕರಿಯ ಒಂದೇ ಉಳಿಯಿತು. ಒಂಟಿ ಎತ್ತು ಹೂಡಲಿಕ್ಕೂ ಬರುವುದಿಲ್ಲ, ಮಾರಲಿಕ್ಕೂ ಅಜ್ಜನ ಮನಸ್ಸು ಒಪ್ಪಲಿಲ್ಲ. ಬಿಳಿಯನ ಗೂಟ ಬರಿದಾಗಿ ಹಾಗೇ ನೆಲದಲ್ಲಿ ನಿಂತಿತ್ತು.

ಅದೇ ವರ್ಷ ಕಾಕಾ ಊರು ಬಿಡುವ ಮಾತು ತೆಗೆದ. ಗೋಕಾಕದಲ್ಲಿ ಪೈಪು, ಮೋಟಾರು ಮಾರುವ ಅಂಗಡಿ ಹಾಕಬೇಕು, ಮಕ್ಕಳನ್ನು ಅಲ್ಲೇ ಸಾಲೆಗೆ ಹಾಕಬೇಕು ಎಂದು ಅವನ ಲೆಕ್ಕ. ಜಗಳ ಏನೂ ಆಗಲಿಲ್ಲ. ನಮ್ಮ ಮನೆಯಲ್ಲಿ ಜಗಳ ಆಗುತ್ತಲೇ ಇರಲಿಲ್ಲ, ಎಲ್ಲರೂ ಸುಮ್ಮನಾಗುತ್ತಿದ್ದರು, ಅದೇ ಜಗಳ. ಅಜ್ಜನಿಗೆ ಒಂದೇ ಆಸೆ ಇತ್ತು. ತಾನು ಇರುವ ತನಕ ಮನೆಯಲ್ಲಿ ಒಂದೇ ಒಲೆ ಉರಿಯಬೇಕು. ಅದನ್ನು ಆತ ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. ಓಣಿಯಲ್ಲಿ ಯಾರ ಮನೆ ಪಾಲಾದರೂ ಅಂದು ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಕಾಕಾನ ಮಾತು ಕೇಳಿದ ಮೇಲೆ ನಾಲ್ಕಾರು ದಿನ ಕೊಟ್ಟಿಗೆಯಲ್ಲೇ ಕೂತು ಬಂದ. ಆಮೇಲೆ ಒಂದು ಸಂಜೆ ಊಟಕ್ಕೆ ಕೂತಾಗ ಹೇಳಿದ: "ಊರ ಬಿಡೂದ ಬ್ಯಾಡ ಶಿವಾ. ಎಲ್ಲಾರೂ ಕುಂಡ್ರೂವಂಥಾ ಒಂದ ಗಾಡಿ ತರೂಣು. ಮುಂಜಾನಿ ಹೋಗ್ರಿ, ಸಂಜೀಕ ಬರ್ರಿ. ಅಂಗಡಿ ಅಲ್ಲಿರ್ಲಿ, ಸಾಲಿ ಅಲ್ಲಿರ್ಲಿ. ಒಲಿ ಇಲ್ಲೇ ಇರ್ಲಿ." ಕಾಕಾ ತಟ್ಟೆ ನೋಡುತ್ತ ಹೂಂ ಎಂದ. ಬಡಿಸುತ್ತಿದ್ದ ಕಾಕಿಯ ಮುಖ ನನಗೆ ಕಾಣಲಿಲ್ಲ.

ಹೀಗೆ ನಮ್ಮ ಮನೆಗೆ ಕಾರು ಬಂದದ್ದು ಸಿರಿಗಲ್ಲ, ಒಲೆಗೆ. ಜೀಪು ತಂದರೆ ಗೊಬ್ಬರದ ಚೀಲವನ್ನೂ ಹೇರಬಹುದು ಎಂದು ಅಪ್ಪ ಹೇಳಿ ನೋಡಿದ. ಅಜ್ಜ ಒಪ್ಪಲಿಲ್ಲ. ಮಂದಿ ಕೂರುವ ಜಾಗದಲ್ಲಿ ಚೀಲ ಬರಬಾರದು, ಚೀಲಕ್ಕೆ ಹಿಂದೆ ಬೇರೆ ಪೆಟ್ಟಿಗೆ ಇರಬೇಕು, ಅಂಥದ್ದೇ ಆಗಬೇಕು ಎಂದ. ಕಾರು ನೋಡಲು ಹೋಗುವಾಗ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೊರಟ. ಶೋರೂಮಿನವರು ಎಂದೂ ಅಂಥ ಗಿರಾಕಿ ಕಂಡಿರಲಿಕ್ಕಿಲ್ಲ. ಅಜ್ಜ ಕಾರಿನ ಸುತ್ತ ಎರಡು ಸಲ ಬಂದ, ಪಕ್ಕೆಯ ಮೇಲೆ ಅಂಗೈಯಿಂದ ಬಡಿದ, ಬಾನೆಟ್ ತೆಗೆಸಿ ಬಾಯಿ ನೋಡಿದ, ಬಗ್ಗಿ ನಾಲ್ಕೂ ಕಾಲು ನೋಡಿದ. ಆಮೇಲೆ ನಮ್ಮನ್ನೆಲ್ಲ ಒಳಗೆ ಕೂರಿಸಿ ಬಾಗಿಲು ಹಾಕಿಸಿ, ಹೊರಗೆ ನಿಂತು, ಸಂತೆಯಲ್ಲಿ ಹೋರಿಯ ಬೆನ್ನಿಗೆ ಹೊರೆ ಕೂತದ್ದನ್ನು ನೋಡುವ ಹಾಗೆ ತಲೆ ವಾರೆ ಮಾಡಿ ನೋಡಿದ. ವ್ಯಾಪಾರ ಶುರುವಾದಾಗ ಹೆಗಲ ಮೇಲಿನ ಟವೆಲ್ಲು ತೆಗೆದು, ಟೈ ಕಟ್ಟಿದ್ದ ಸೇಲ್ಸ್‌ಮನ್ನನ ಕೈಮೇಲೆ ಹಾಕಿ, ಅದರ ಕೆಳಗೆ ಆತನ ಬೆರಳು ಹಿಡಿದು ಒತ್ತಿದ. ಎತ್ತಿನ ಪೇಟೆಯಲ್ಲಿ ದರ ಹೇಳುವುದೇ ಹಾಗೆ, ಬಾಯಿ ಬಿಟ್ಟು ಹೇಳುವುದಿಲ್ಲ. ಆ ಹುಡುಗ ಪಾಪ, ಹಿರಿಯರು ಪ್ರೀತಿಯಿಂದ ಕೈ ಕುಲುಕುತ್ತಿದ್ದಾರೆ ಎಂದುಕೊಂಡು ನಕ್ಕು ತಾನೂ ಜೋರಾಗಿ ಕುಲುಕಿದ. ಅಜ್ಜ ಹೊರಗೆ ಬಂದು "ಒಪ್ಪಿದಾ, ನಡೀರಿ" ಎಂದುಬಿಟ್ಟ. ಕಾಕಾ ಒಳಗೆ ಹೋಗಿ ಬಿಡಿಸಿ ಹೇಳಿ ಬರುವಷ್ಟರಲ್ಲಿ ಅಪ್ಪ, ಅವ್ವ, ಕಾಕಿ ಮೂವರೂ ಗೋಡೆಗೆ ಮುಖ ಮಾಡಿ ನಗುತ್ತಿದ್ದರು. ಅವ್ವ ಮತ್ತು ಕಾಕಿ ಒಬ್ಬರ ಹೆಗಲು ಒಬ್ಬರು ಹಿಡಿದು ನಕ್ಕದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಕಾರು ಬಿಳಿ ಬಣ್ಣದ್ದು. ಅದನ್ನು ನಿಲ್ಲಿಸಲು ಶೆಡ್ಡು ಹಾಕಿಸೋಣ ಎಂದರೆ ಅಜ್ಜ ಬೇಡ ಎಂದ. ಬಿಳಿಯನ ಗೂಟ ಕೀಳಿಸಿ, ಅಲ್ಲೇ ಕರಿಯನ ಬಾಜೂ ನಿಲ್ಲಿಸಿದ. ಮೊದಲ ದಿನ ಕರಿಯ ಮೂಸಿ ನೋಡಿ ಕನ್ನಡಿಯನ್ನು ನೆಕ್ಕಿತು. ಅವತ್ತೇ ಅಜ್ಜ ಒಂದು ಮಾತು ಹೇಳಿದ, ಅದೇ ಮನೆಯ ಕಾನೂನಾಯಿತು. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ. ಅಂದು ಎತ್ತಿನ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಕೈಯಾರೆ ಮೇವು ಹಾಕಿ ಬಿಟ್ಟರೆ ಮುಗಿಯಿತು, ಎಂಥ ಹಂಗಾಮು ಇದ್ದರೂ ನೊಗ ಇಡುವುದಿಲ್ಲ. "ಮನಿಮಂದೀನ ಹೊತ್ತ ಅಡ್ಡಾಡೂದು ಎತ್ತಾದ್ರೇನು, ಗಾಡಿ ಆದ್ರೇನು. ಸೋಮವಾರ ಇದಕ್ಕೂ ಸೂಟಿ" ಎಂದ ಅಜ್ಜ. ಯಾರೂ ಎದುರಾಡಲಿಲ್ಲ. ಪ್ರತಿ ಸೋಮವಾರ ಕರಿಯನ ಪೂಜೆಯಾದ ಮೇಲೆ ಅಜ್ಜ ಅದೇ ವಿಭೂತಿಯ ಕೈಯಿಂದ ಕಾರಿನ ಬಾನೆಟ್ಟಿನ ಮೇಲೆ ಮೂರು ಬೆರಳು ಎಳೆಯುತ್ತಿದ್ದ. ಕಾರ ಹುಣ್ಣಿಮೆಗೆ ಕರಿಯನ ಕೋಡಿಗೆ ಬಣ್ಣ ಬಳಿದರೆ ಕಾರಿನ ಎರಡು ಕನ್ನಡಿಗೂ ಗೊಂಡೆ ಕಟ್ಟುತ್ತಿದ್ದ. ಊರಲ್ಲಿ ಮಂದಿ ನಗುತ್ತಿದ್ದರು. ಅಜ್ಜನೂ ಅವರ ಜೊತೆ ನಗುತ್ತಿದ್ದ, ಆದರೆ ಸೋಮವಾರ ಕೀಲಿಕೈ ಮಾತ್ರ ಯಾರಿಗೂ ಕೊಡುತ್ತಿರಲಿಲ್ಲ.

ಉಳಿದ ದಿನ ಕಾರು ನಮ್ಮ ಮನೆಯನ್ನು ಹೊತ್ತು ಓಡಾಡಿತು. ಕೂರುವ ಜಾಗ ಯಾರೂ ಹೇಳದೆ ತಾನೇ ಗೊತ್ತಾಗಿತ್ತು. ಕಾಕಾ ನಡೆಸುವವ. ಅವನ ಬಾಜೂ ಅಜ್ಜ, ಗೋಕಾಕದಲ್ಲಿ ಕೆಲಸ ಇರಲಿ ಬಿಡಲಿ ವಾರಕ್ಕೊಮ್ಮೆಯಾದರೂ ಹೊರಡುತ್ತಿದ್ದ. ಹಿಂದೆ ಒಂದು ಕಿಟಕಿಗೆ ಅವ್ವ, ತೊಡೆಯ ಮೇಲೆ ಗೌರಿ. ಇನ್ನೊಂದು ಕಿಟಕಿಗೆ ನಾನು ಅಥವಾ ಮಲ್ಲು, ಇದು ದಿನದ ಜಗಳ. ನಡುವೆ ಕಾಕಿ. ಮೈಯಲ್ಲಿ ತೆಳ್ಳಗಿದ್ದಳು ಎಂಬುದೊಂದೇ ಕಾರಣಕ್ಕೆ ಆ ಜಾಗ ಅವಳ ಪಾಲಿಗೆ ಬಂತು. ನೆಲದ ನಡುವಿನ ಉಬ್ಬಿನ ಆಚೆಗೊಂದು ಈಚೆಗೊಂದು ಕಾಲಿಟ್ಟು, ಎರಡೂ ಕೈ ಚಾಚಿ, ಅತ್ತ ಇತ್ತ ಕೂತವರನ್ನು ಕೋಳಿಯ ಹಾಗೆ ಒತ್ತಿ ಹಿಡಿದುಕೊಂಡಿರುತ್ತಿದ್ದಳು. ಕಬ್ಬಿನ ಹಂಗಾಮಿನಲ್ಲಿ ದಾರಿ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರುಗಳು. ಕಾಕಾ ಒಮ್ಮೆಲೆ ಬ್ರೇಕ್ ಹಾಕಿದರೆ ನಾವು ಮುಂದಕ್ಕೆ ಮುಗ್ಗರಿಸುವ ಮೊದಲೇ ಕಾಕಿಯ ಕೈ ಎದೆಗೆ ಅಡ್ಡ ಬಂದಿರುತ್ತಿತ್ತು. ಕಾಲುವೆಯ ಪಕ್ಕ ಬರುವಾಗ ತಣ್ಣನೆಯ ಗಾಳಿ, ಗೋಕಾಕ ಹತ್ತಿರವಾದಾಗ ತುಪ್ಪದಲ್ಲಿ ಹುರಿದ ಅಂಟಿನ, ಕರದಂಟಿನ ಪರಿಮಳ. ನಾನು ನಾಗನೂರಿನ ಸಾಲೆಯಲ್ಲೇ ಇದ್ದೆ, ಹೀಗಾಗಿ ನನಗೆ ಈ ಸುಖ ಸೂಟಿಯ ದಿನ ಮಾತ್ರ. ಮಲ್ಲು, ಗೌರಿಗೆ ದಿನವೂ. ಅವರ ಮೇಲೆ ನನಗೆ ಹೊಟ್ಟೆಕಿಚ್ಚು ಇತ್ತು. ಮಲ್ಲುಗೆ ಕಾರು ಹತ್ತಿದರೆ ವಾಂತಿ ಬರುತ್ತದೆ, ದಿನಾ ಬೆಳಿಗ್ಗೆ ಕಾಕಿ ಅವನನ್ನು ಅರೆನಿದ್ದೆಯಲ್ಲೇ ಎಬ್ಬಿಸಿ ಲಿಂಬಿಕಾಯಿ ಮೂಸಿಸಿ ಕೂರಿಸುತ್ತಾಳೆ ಎಂಬುದೆಲ್ಲ ನನ್ನ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಕಾರು ಸಾಕುವುದು ಎತ್ತು ಸಾಕುವುದಕ್ಕಿಂತ ಕಷ್ಟ ಎಂದು ಅಜ್ಜನಿಗೆ ಬೇಗ ತಿಳಿಯಿತು. ಕಣಕಿಯ ಬಣವೆಯಿಂದ ಇಲಿ ಬಂದು ಬಾನೆಟ್ಟಿನೊಳಗಿನ ವೈರು ಕಡಿದವು. ಗೋಕಾಕದ ಮಿಸ್ತ್ರಿ ವೈರು ಹಾಕಿ ಕೊಟ್ಟು, ಗಾಡಿಯನ್ನು ಕೊಟ್ಟಿಗೆಯಿಂದ ಹೊರಗೆ ನಿಲ್ಲಿಸಿರಿ ಎಂದ. ಅಜ್ಜ ಗಾಡಿಯನ್ನು ಬಿಟ್ಟು ಬಣವೆಯನ್ನು ಆಚೆ ಹಾಕಿಸಿದ. ಹಿಂದಿನ ಸೀಟಿನ ಕೆಳಗೆ ಕೋಳಿ ಮೊಟ್ಟೆ ಇಟ್ಟದ್ದೂ ಉಂಟು. ಅಪ್ಪನ ಅಂಗಡಿಗೆ ತರುತ್ತಿದ್ದ ಬೆಲ್ಲ ಡಿಕ್ಕಿಯಲ್ಲಿ ಕರಗಿ ಇರುವೆಗಳ ಸಾಲೇ ಹತ್ತಿತ್ತು. ರವಿವಾರ ಕಾಕಾ ಕಾರನ್ನು ಕಾಲುವೆಯ ದಂಡೆಗೆ ಒಯ್ಯುತ್ತಿದ್ದ. ನಾವು ಮಕ್ಕಳು ತೆಂಗಿನ ನಾರಿನಿಂದ ಟೈರು ಉಜ್ಜುತ್ತಿದ್ದೆವು, ಅವ್ವ ಮತ್ತು ಕಾಕಿ ಹಳೆಯ ಸೀರೆಯ ತುಂಡಿನಿಂದ ಗಾಜು ಒರೆಸುತ್ತಿದ್ದರು, ಅಜ್ಜ ಕಟ್ಟೆಯ ಮೇಲೆ ಕೂತು ಎಲ್ಲಿ ಕೆಸರು ಉಳಿದಿದೆ ಎಂದು ಕೋಲಿನಿಂದ ತೋರಿಸುತ್ತಿದ್ದ. ಆಯಿಲ್ ಬದಲಿಸುವ ಕಾಲ ಬಂದಾಗ ಅಜ್ಜ ತಾನೇ ನೆನಪು ಮಾಡುತ್ತಿದ್ದ. ಇಂಜಿನ್ನಿನ ದನಿ ಕೇಳಿಯೇ "ಇದಕ್ಕ ಉಸರ ಹತ್ತಾಕತ್ತೈತಿ, ಮಿಸ್ತ್ರಿಗೆ ತೋರಸ್ರಿ" ಎನ್ನುತ್ತಿದ್ದ. ಹತ್ತರಲ್ಲಿ ಮೂರು ಸಲವಾದರೂ ಅದು ಸರಿ ಇರುತ್ತಿತ್ತು.

ಪೆಟ್ರೋಲ್ ಪಂಪಿನ ಕಾರ್ಡಿನ ಸಂಗತಿ ಬರುವುದು ಇಲ್ಲಿ. ಗೋಕಾಕದ ದಾರಿಯಲ್ಲಿ ನಾವು ಯಾವಾಗಲೂ ಹಾಕಿಸುವ ಪಂಪಿನವರು ಒಂದು ಪ್ಲಾಸ್ಟಿಕ್ಕಿನ ಕಾರ್ಡು ಕೊಟ್ಟರು. ಎಣ್ಣೆ ಹಾಕಿಸಿದಾಗಲೆಲ್ಲ ಅದನ್ನು ಮಶೀನಿನಲ್ಲಿ ಎಳೆದರೆ ಪಾಯಿಂಟು ಜಮೆ ಆಗುತ್ತವೆ, ಸಾಕಷ್ಟು ಆದಮೇಲೆ ಬಹುಮಾನ ಎಂದು ಬಣ್ಣದ ಚಿತ್ರಗಳಿದ್ದ ಒಂದು ಪುಸ್ತಕವನ್ನೂ ಕೊಟ್ಟರು. ಗೋಡೆ ಗಡಿಯಾರ, ಇಸ್ತ್ರಿ, ಊಟದ ಡಬ್ಬಿ, ಹೀಗೆ. ಕೊನೆಯ ಪುಟದಲ್ಲಿ ದೊಡ್ಡದೊಂದು ಕುಕ್ಕರ್. ಅವ್ವ, ಕಾಕಿ ಇಬ್ಬರ ಕಣ್ಣೂ ಅದರ ಮೇಲೆ ಬಿತ್ತು. ಮನೆಯಲ್ಲಿದ್ದ ಕುಕ್ಕರಿನಲ್ಲಿ ಬೇಳೆಯನ್ನು ಎರಡು ಸಲ ಇಡಬೇಕಾಗುತ್ತಿತ್ತು. ಇಷ್ಟು ದೊಡ್ಡದು ಬಂದರೆ ಮನೆಗೆಲ್ಲ ಒಂದೇ ಸಲ ಬೇಯುತ್ತದೆ ಎಂದು ಇಬ್ಬರೂ ಮಧ್ಯಾಹ್ನ ಕೂತು ಆ ಚಿತ್ರ ನೋಡುತ್ತಿದ್ದರು. ಎಲ್ಲಿ ಇಡುವುದು ಎಂದು ಅಡುಗೆಮನೆಯ ಹಲಗೆಯ ಮೇಲೆ ಜಾಗವನ್ನೂ ಖಾಲಿ ಮಾಡಿದ್ದರು. ಕಾರ್ಡು ಮಾತ್ರ ಅಜ್ಜನ ಹತ್ತಿರ ಇರುತ್ತಿತ್ತು, ವಿಭೂತಿ ಗಟ್ಟಿ ಇಡುವ ಚೀಲದಲ್ಲಿ. ಪ್ರತಿ ಸಲ ಅದರ ಕರಿ ಪಟ್ಟಿಗೆ ಬೂದಿ ಮೆತ್ತಿಕೊಂಡು ಮಶೀನು ಓದುತ್ತಿರಲಿಲ್ಲ. ಪಂಪಿನವ ಅದನ್ನು ಪ್ಯಾಂಟಿಗೆ ತಿಕ್ಕಿ ಮತ್ತೆ ಎಳೆಯುತ್ತಿದ್ದ. "ಅಜ್ಜಾರ, ದೇವರ ಚೀಲದಾಗ ಇಡಬ್ಯಾಡ್ರಿ ಇದನ್ನ" ಎಂದರೆ ಅಜ್ಜ, "ಮನೀದ ಐತಿ, ಇನ್ನೆಲ್ಲಿ ಇಡ್ಲಿ" ಎನ್ನುತ್ತಿದ್ದ.

ಈಗ ಸೋಮವಾರಕ್ಕೆ ಬರುತ್ತೇನೆ. ಅಂದು ಕಾರು ಹೊರಡುವುದಿಲ್ಲ, ಆದರೆ ಸಾಲೆಗೂ ಅಂಗಡಿಗೂ ಸೋಮವಾರ ಸೂಟಿ ಇಲ್ಲ. ಮೊದಲ ಕೆಲವು ತಿಂಗಳು ಕಾಕಾ, ಮಕ್ಕಳು, ಗದ್ದಲದಲ್ಲಿ ಅವರನ್ನು ಹಿಡಿದುಕೊಳ್ಳಲು ಕಾಕಿ, ಹೀಗೆ ಸೋಮವಾರ ಬಸ್ಸಿಗೆ ಹೋದರು. ಮೂಡಲಗಿಯಿಂದ ಬರುವ ಬಸ್ಸು ನಮ್ಮೂರು ಮುಟ್ಟುವಷ್ಟರಲ್ಲಿ ತುಂಬಿರುತ್ತಿತ್ತು. ಒಮ್ಮೆ ನಿಲ್ಲುತ್ತಿತ್ತು, ಒಮ್ಮೆ ಹಾಗೇ ಹೋಗಿಬಿಡುತ್ತಿತ್ತು. ತಡವಾಗಿ ಹೋದ ಮಲ್ಲುವನ್ನು ಸಾಲೆಯಲ್ಲಿ ಹೊರಗೆ ನಿಲ್ಲಿಸುತ್ತಿದ್ದರು. ಗೋಕಾಕದಲ್ಲಿ ಕಾಕಿಯ ಅಕ್ಕನ ಮನೆ ಇತ್ತು, ರವಿವಾರ ಸಂಜೆಯೇ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗಿ ಉಳಿಯತೊಡಗಿದಳು. ಮಳೆಗಾಲದಲ್ಲಿ ಸೋಮವಾರ ಸಂಜೆಯ ಬಸ್ಸೂ ತಪ್ಪತೊಡಗಿತು. ಆಗ ಕಾಕಾನೂ ರವಿವಾರವೇ ಕಾರು ತೆಗೆದುಕೊಂಡು ಹೋಗಿ, ಸೋಮವಾರ ಅದನ್ನು ಅಲ್ಲಿ ನಿಲ್ಲಿಸಿ, ಮಂಗಳವಾರ ಸಂಜೆ ಬರತೊಡಗಿದ. "ಗೋಕಾಕದಾಗ ನಿಂತ್ರೂ ನಿಂತಂಗ ಆತಲ್ಲ ಅಪ್ಪಾ. ನಾ ಸೋಮವಾರ ಅದನ್ನ ಮುಟ್ಟಾಕಿಲ್ಲ" ಎಂದು ಅಜ್ಜನಿಗೆ ಹೇಳಿದ. ಖರೆ, ಮುಟ್ಟುತ್ತಿರಲಿಲ್ಲ. ಆಮೇಲೆ ಅಕ್ಕನ ಮನೆಗೆ ಎಷ್ಟೆಂದು ಭಾರವಾಗುವುದು ಎಂದು ಬಾಡಿಗೆಗೆ ಒಂದು ಖೋಲಿ ಹಿಡಿದರು. ಖೋಲಿ ಇದ್ದಮೇಲೆ ಒಂದು ಸ್ಟೋವ್ ಬಂತು. ಬುಧವಾರವೂ ಬಾರದ ವಾರಗಳು ಬಂದವು. ಅಜ್ಜ ಸೋಮವಾರ ಬೆಳಿಗ್ಗೆ ಕರಿಯನ ಪೂಜೆ ಮಾಡಿ, ವಿಭೂತಿ ಉಳಿದ ಮೂರು ಬೆರಳು ಹಾಗೇ ಹಿಡಿದುಕೊಂಡು, ಬರಿದಾದ ಜಾಗವನ್ನು ನೋಡುತ್ತ ನಿಲ್ಲುತ್ತಿದ್ದ. ಆಮೇಲೆ ಕೈಯನ್ನು ತನ್ನ ಹಣೆಗೇ ಒರೆಸಿಕೊಳ್ಳುತ್ತಿದ್ದ. ಮನೆಯನ್ನು ಒಂದಾಗಿ ಇಡಲೆಂದು ತಂದ ಕಾರಿಗೆ ತಾನೇ ಕೊಟ್ಟ ಸೂಟಿಯಿಂದ ಮನೆ ಸೋರಿಹೋಗುತ್ತಿದೆ ಎಂದು ಆತನಿಗೆ ಯಾವಾಗ ತಿಳಿಯಿತೋ ನನಗೆ ಗೊತ್ತಿಲ್ಲ. ನಮಗೆಲ್ಲ ತಿಳಿಯುವ ಮೊದಲೇ ಇರಬೇಕು.

ಒಂದು ರವಿವಾರ ಅಜ್ಜ ಹೇಳಿಕಳಿಸಿ ಕಾಕಾನ ಸಂಸಾರವನ್ನೆಲ್ಲ ಊರಿಗೆ ಕರೆಸಿಕೊಂಡ. ಹೋಳಿಗೆ ಊಟ ಆಯಿತು. ಮಾತುಕತೆ ಏನೂ ಆಗಲಿಲ್ಲ. ಮರುದಿನ ಸೋಮವಾರ ಬೆಳಿಗ್ಗೆ ಕಾಕಿ ಬಸ್ಸಿಗೆ ಹೋಗಲು ಮಕ್ಕಳಿಗೆ ಬೂಟು ಹಾಕುತ್ತಿದ್ದಾಗ ಅಜ್ಜ ಕೊಟ್ಟಿಗೆಯಿಂದ ಕೂಗಿ ಹೇಳಿದ: "ಬಸ್ಸ ಬ್ಯಾಡ. ಗಾಡಿ ತಗಿ ಶಿವಾ. ಇವತ್ತಿನಿಂದ ಸೋಮವಾರಾನೂ ಹೂಡೂಣು." ಅವ್ವನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ನಿಂತಿತು. ಕಾಕಾ ಹೊರಗೆ ಬಂದು, "ಬ್ಯಾಡ ಅಪ್ಪಾ. ನಿನ್ನ ಮನಸಿಗೆ ಬರಲಾರದ್ದ ಮಾಡಬ್ಯಾಡ" ಎಂದ. "ಬಂದೈತಿ ಬಂದೈತಿ. ಹೊತ್ತಾತು, ಹತ್ರಿ" ಎಂದು ಅಜ್ಜ ತಾನೇ ಕೀಲಿಕೈ ಕೊಟ್ಟ. ಕಾಕಾ ಒಳಗೆ ಕೂರುವ ಮೊದಲು ಅಜ್ಜ ಕಾರಿನ ಮುಂದೆ ಹೋಗಿ, ಕರಿಯನ ಕಿವಿಯ ಹತ್ತಿರ ಮಾತಾಡುವ ಹಾಗೆಯೇ ಬಗ್ಗಿ, "ಇದೊಂದ ಮಾತ ನಡಸಿಕೊಡ" ಎಂದದ್ದು ಬಾಜೂ ನಿಂತಿದ್ದ ನನಗೆ ಕೇಳಿಸಿತು. ನನ್ನನ್ನೂ ಅದೊಂದು ದಿನ ಸಾಲೆ ಬಿಡಿಸಿ ಹತ್ತಿಸಿಕೊಂಡರು. ಅಪ್ಪ ಅಂಗಡಿಗೆ ಉಳಿದ. ಉಳಿದವರೆಲ್ಲ ನಮ್ಮ ನಮ್ಮ ಜಾಗದಲ್ಲಿ ಕೂತೆವು. ಅವತ್ತು ಕಿಟಕಿಗಾಗಿ ಮಲ್ಲು ಜಗಳ ತೆಗೆಯಲಿಲ್ಲ, ಬಿಟ್ಟುಕೊಟ್ಟ. ಅದೇ ನನಗೆ ಸರಿ ಅನ್ನಿಸಲಿಲ್ಲ, ನೆಂಟರ ಮಕ್ಕಳು ಹಾಗೆ ಬಿಟ್ಟುಕೊಡುತ್ತಾರೆ.

ಮಕ್ಕಳನ್ನು ಸಾಲೆಗೆ ಬಿಟ್ಟಮೇಲೆ ಅಜ್ಜ ಕಾರನ್ನು ಪೆಟ್ರೋಲ್ ಪಂಪಿಗೆ ಹೊಡೆಸಿದ. ಪಾಯಿಂಟು ತುಂಬಿವೆ ಎಂದು ಪಂಪಿನವ ಮೊದಲೇ ಹೇಳಿದ್ದನಂತೆ. ಅಜ್ಜ ಅದನ್ನು ಮನೆಯಲ್ಲಿ ಹೇಳದೆ ಈ ದಿನಕ್ಕೆಂದು ಉಳಿಸಿಕೊಂಡಿದ್ದ. "ನಿಮ್ಮ ಕುಕ್ಕರ ಬಂದೈತಿ, ಇಳೀರಿ" ಎಂದು ಸೊಸೆಯರಿಬ್ಬರಿಗೂ ಹೇಳಿದ. ಅವನ ಮುಖದ ಮೇಲೆ ಅಂಥ ಹುಡುಗಾಟದ ನಗೆಯನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ. ಪಂಪಿನ ಆಫೀಸಿನೊಳಗೆ ಹೋದೆವು. ಅಜ್ಜ ಚೀಲದಿಂದ ಕಾರ್ಡು ತೆಗೆದು ಕೊಟ್ಟ, ಪಂಪಿನವ ಬೂದಿ ಒರೆಸಿ ಎಳೆದ. ಒಳಗಿನಿಂದ ಆ ದೊಡ್ಡ ಕುಕ್ಕರನ್ನು ತಂದು ಮೇಜಿನ ಮೇಲೆ ಇಟ್ಟ. ಚಿತ್ರದಲ್ಲಿ ಕಂಡದ್ದಕ್ಕಿಂತ ದೊಡ್ಡದಿತ್ತು. ಗೌರಿಯನ್ನು ಒಳಗೆ ಕೂರಿಸಬಹುದಿತ್ತು. ಅವ್ವ ಮುಚ್ಚಳ ಮುಟ್ಟಿ ನೋಡಿದಳು. ಪಂಪಿನವ ಒಳ್ಳೆಯ ಮನುಷ್ಯ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ: "ಇಷ್ಟ ಪಾಯಿಂಟಿಗೆ ಇದೊಂದ ತಗೋಬಹುದು, ಇಲ್ಲಾಂದ್ರ ಸಣ್ಣವು ಎರಡ ಬರ್ತಾವ್ರಿ. ಯಾವ್ದ ಕೊಡ್ಲಿ?"

ಅಡುಗೆಮನೆಯ ಸಂಗತಿ, ಹೆಣ್ಣುಮಕ್ಕಳು ಹೇಳಲಿ ಎಂದು ಅಜ್ಜ ಅವರ ಕಡೆ ನೋಡಿದ. ಅವ್ವ ಕಾಕಿಯನ್ನು ನೋಡಿದಳು. ಹೊರಗೆ ಒಂದು ಟ್ರ್ಯಾಕ್ಟರು ಎಣ್ಣೆ ಹಾಕಿಸಿಕೊಳ್ಳುತ್ತಿತ್ತು, ಅದರ ಸದ್ದು. ಕಾಕಿ ಸೆರಗು ಸರಿ ಮಾಡಿಕೊಂಡು, ಅಜ್ಜನ ಮುಖ ನೋಡದೆ, ದನಿಯನ್ನು ಏರಿಸದೆ ಇಳಿಸದೆ ಹೇಳಿದಳು: "ಸಣ್ಣವು ಎರಡ ಕೊಡ್ರಿ."

ಅಷ್ಟೇ. ನಮ್ಮ ಮನೆ ಪಾಲಾದದ್ದು ಹಾಗೆ. ಹೊಲ, ಮನೆ, ಅಂಗಡಿಯ ಕಾಗದಪತ್ರ ಎಲ್ಲ ಆಮೇಲೆ ಆದವು, ಹಿರಿಯರು ಕೂತರು, ಸಹಿ ಹಾಕಿದರು. ಆದರೆ ನನ್ನ ಮಟ್ಟಿಗೆ ಮನೆ ಎರಡಾದದ್ದು ಆ ಪಂಪಿನ ಆಫೀಸಿನಲ್ಲಿ. ಅವ್ವ ದೊಡ್ಡ ಕುಕ್ಕರಿನ ಮುಚ್ಚಳವನ್ನು ಮತ್ತೆ ಅದರ ಮೇಲಿಟ್ಟಳು. ಅಜ್ಜ ತಲೆ ಆಡಿಸಿ, "ಸಣ್ಣವ ಛಲೋ. ಎತ್ತಿಳಸಾಕ ಹಗರ" ಎಂದ. ಕಾಕಿಯ ಕಣ್ಣಲ್ಲಿ ನೀರು ತುಂಬಿತ್ತು. "ತಪ್ಪ ತಿಳಕೋಬ್ಯಾಡ್ರಿ ಮಾವಾರ. ಹುಡುಗ ಮುಂಜಾನಿ ವಾಂತಿ ಮಾಡ್ಕೋತ ಸಾಲಿಗೆ ಹೋಗೂದು ನೋಡಾಕ ಆಗವಲ್ದು" ಎಂದಳು. "ತಿಳಕೊಳ್ಳೂದೇನೈತಿ ತಂಗಿ" ಎಂದ ಅಜ್ಜ. ಸೊಸೆಯನ್ನು ಆತ ತಂಗಿ ಎಂದು ಕರೆದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಈಗ ನಾನೂ ಒಬ್ಬ ತಾಯಿ, ಕಾಕಿ ಅಂದದ್ದರಲ್ಲಿ ಒಂದಕ್ಷರ ತಪ್ಪು ಹುಡುಕಲು ನನಗೆ ಬರುವುದಿಲ್ಲ. ಅಜ್ಜನ ಆಸೆಯಲ್ಲೂ ತಪ್ಪು ಇರಲಿಲ್ಲ. ಅದೇ ನನಗೆ ಇಂದಿಗೂ ಸಂಕಟ. ಒಬ್ಬರು ತಪ್ಪಿದ್ದರೆ ಸಿಟ್ಟು ಮಾಡಿಕೊಂಡು ಮರೆಯಬಹುದಿತ್ತು.

ಕಾಕಿಯನ್ನು ಅವಳ ಖೋಲಿಯಲ್ಲಿ ಇಳಿಸಿದೆವು, ಒಂದು ಕುಕ್ಕರಿನ ಡಬ್ಬಿ ಅವಳ ಜೊತೆ ಇಳಿಯಿತು. ಸಂಜೆ ಕಾಕಾ ಅಂಗಡಿ ಮುಚ್ಚಿ ನಮ್ಮನ್ನು ಊರಿಗೆ ಬಿಡಲು ಬಂದ. ಹಿಂದಿನ ಸೀಟಿನಲ್ಲಿ ಅವ್ವ ಮತ್ತು ನಾನು ಇಬ್ಬರೇ. ಸ್ವಲ್ಪ ದೂರ ಬಂದಮೇಲೆ ಅವ್ವ ನನಗೆ ತನ್ನ ಕಿಟಕಿಯನ್ನೂ ಬಿಟ್ಟುಕೊಟ್ಟು ನಡುವೆ ಬಂದು ಕೂತಳು, ಹೊರಗೆ ನೋಡುವುದು ಬೇಡವಾಗಿತ್ತೋ ಏನೋ. ಎರಡೂ ಕಿಟಕಿ ನನ್ನವೇ ಆದವು. ಒಂದಕ್ಕೆ ಹೋಗಿ ನೋಡಿದೆ, ಅವ್ವನ ಕಾಲು ದಾಟಿ ಇನ್ನೊಂದಕ್ಕೆ ಹೋಗಿ ನೋಡಿದೆ. ಕಬ್ಬು, ಕಾಲುವೆ, ಅವೇ ಇದ್ದವು. ನನಗೆ ಅಳು ಬಂತು. ಮನೆ ಮುಟ್ಟಿದ ಮೇಲೆ ಕಾಕಾ ಕೀಲಿಕೈಯನ್ನು ಅಜ್ಜನಿಗೆ ಕೊಟ್ಟು, "ಗಾಡಿ ಇಲ್ಲೇ ಇರ್ಲಿ. ದವಾಖಾನಿ, ಅದೂ ಇದೂ ಅಂತ ನಿಮಗ ಬೇಕಾಗ್ತೈತಿ" ಎಂದ. ಬಕೆಟ್ಟಿನಲ್ಲಿ ನೀರು ತಂದು ಕಾರನ್ನು ತಾನೇ ತೊಳೆದು, ಒರೆಸಿ, ಬಸ್ಸಿಗೆ ಹೋದ. ಅಜ್ಜ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ಇನ್ನೂ ಬಿಸಿ ಇದೆ ಎಂದು ನೋಡಿ, "ದಣದೈತಿ" ಎಂದ. ಮುಂದಿನ ಸೋಮವಾರದಿಂದ ಅದಕ್ಕೆ ಮತ್ತೆ ಸೂಟಿ. ಈಗ ಸೋಮವಾರ ಹೂಡಿದರೂ ನಡೆಯುತ್ತಿತ್ತು, ಹೂಡದಿದ್ದರೂ ನಡೆಯುತ್ತಿತ್ತು. ಆದರೂ ಬೆಳಿಗ್ಗೆ ಮೂರು ಬೆರಳು ಎಳೆದು ನಿಲ್ಲಿಸುತ್ತಿದ್ದ.

ಅಪ್ಪ ಮೆಲ್ಲಗೆ ಕಾರು ಕಲಿತ, ಅಂಜಿ ಅಂಜಿ ನಡೆಸಿದ. ಹಬ್ಬಕ್ಕೆ ಕಾಕಾನ ಮಂದಿ ಬರುತ್ತಿದ್ದರು, ಅವ್ವ ಮತ್ತು ಕಾಕಿ ಮೊದಲಿನ ಹಾಗೇ ನಗುತ್ತಿದ್ದರು, ಎರಡು ಕುಕ್ಕರಿನ ರಬ್ಬರು ಯಾವುದು ಮೊದಲು ಹರಿಯಿತು ಎಂದು ಮಾತಾಡುತ್ತಿದ್ದರು. ಕರಿಯ ಹೋಯಿತು. ಒಂದು ಚಳಿಗಾಲದಲ್ಲಿ ಅಜ್ಜ ಹೋದ. ಆಮೇಲೆ ಧುಪದಾಳದ ಒಬ್ಬರು ಕಾರು ಕೊಂಡರು. ದೊಡ್ಡ ಸಂಸಾರದವರು, ಹಿಂದಿನ ಸೀಟಿನಲ್ಲಿ ಮಕ್ಕಳನ್ನು ತುಂಬಿಕೊಂಡು ಹೋದರು. ಅಜ್ಜ ಇದ್ದಿದ್ದರೂ ಅವರಿಗೇ ಕೊಡುತ್ತಿದ್ದ. ನನ್ನ ಮದುವೆಯಾಗಿ ಹುಕ್ಕೇರಿಗೆ ಬಂದೆ. ಅಪ್ಪ, ಕಾಕಾ ಇಬ್ಬರೂ ಒಂದೆರಡು ವರ್ಷದ ಅಂತರದಲ್ಲಿ ಹೋದರು. ಹೋದ ವರ್ಷ ಅವ್ವನೂ ಹೋದಳು. ಅವಳ ಸಣ್ಣ ಕುಕ್ಕರ್ ನನ್ನ ಅಡುಗೆಮನೆಯಲ್ಲಿದೆ, ಹಿಡಿಕೆ ಎರಡು ಸಲ ಬದಲಿಸಿದ್ದೇನೆ. ನಾಗನೂರಿನ ಮನೆಯಲ್ಲಿ ಈಗ ಯಾರೂ ಇಲ್ಲ, ಕೊಟ್ಟಿಗೆಯನ್ನು ಯಾರೋ ಗೊಬ್ಬರದ ಚೀಲ ಇಡಲು ಬಾಡಿಗೆಗೆ ಹಿಡಿದಿದ್ದಾರೆ.

ಹೊಸ ಕಾರನ್ನು ಯಾವ ದಿನ ಒಯ್ಯುತ್ತೀರಿ ಎಂದು ಶೋರೂಮಿನ ಹುಡುಗ ಕೇಳಿದಾಗ ಸೋಮವಾರ ಒಂದು ಬಿಟ್ಟು ಯಾವಾಗಾದರೂ ಎಂದೆ. ಮಂಗಳವಾರ ತಂದೆವು. ಹತ್ತರಗಿ ಹತ್ತಿರ ಹೆದ್ದಾರಿಯ ಪಂಪಿನಲ್ಲಿ ನಿಲ್ಲಿಸಿದರೆ ಕಾರ್ಡು ಇಲ್ಲ, ಏನಿಲ್ಲ, "ಮೊಬೈಲ್ ನಂಬರ್ ಹೇಳ್ರಿ, ಪಾಯಿಂಟ್ ಜಮಾ ಆಗ್ತಾವು" ಎಂದರು. ಏನು ಬಹುಮಾನ ಎಂದು ಕೇಳಿದೆ. ಅವೇ ಪಾಯಿಂಟಿಗೆ ಮತ್ತೆ ಪೆಟ್ರೋಲೇ ಹಾಕುತ್ತಾರಂತೆ. ಬುಧವಾರ ನಾನೊಬ್ಬಳೇ ಕಾರು ನಡೆಸಿಕೊಂಡು ಗೋಕಾಕಕ್ಕೆ ಹೋದೆ, ಹೊಸ ಕಾರನ್ನು ಹಿರಿಯರಿಗೆ ತೋರಿಸಬೇಕು, ನನಗೆ ಉಳಿದ ಹಿರಿಯಳು ಕಾಕಿ ಒಬ್ಬಳೇ. ಮಲ್ಲುವಿನ ಜೊತೆ ಇದ್ದಾಳೆ, ಈಗ ಇನ್ನೂ ತೆಳ್ಳಗಾಗಿದ್ದಾಳೆ. ಹೊರಗೆ ಬಂದು ಕಾರಿನ ಸುತ್ತ ಒಂದು ಸುತ್ತು ಬಂದಳು, ಅಂಗೈಯಿಂದ ಡಿಕ್ಕಿ ತಟ್ಟಿದಳು, "ಮಾವಾರ ಇದ್ದಿದ್ರ ಬಾಯಿ ತಗದ ನೋಡ್ತಿದ್ರು" ಎಂದು ನಕ್ಕಳು. "ನಾಗನೂರಿಗೆ ಒಂದ ಸಲ ಹೋಗಿ ಬರೂಣ ನಡಿ" ಎಂದು ತಾನೇ ಕೇಳಿದಳು.

ನಾನು ಮುಂದಿನ ಬಾಗಿಲು ತೆಗೆದೆ. ಅವಳು ಅದನ್ನು ಹಾಗೇ ಮುಚ್ಚಿ ಹಿಂದಿನ ಬಾಗಿಲಿಗೆ ಹೋದಳು. ಹತ್ತಿ, ಸೀಟಿನ ಮೇಲೆ ಕೈ ಊರಿ ಊರಿ ಸರಿದು, ನಡುವೆ ಬಂದು ಕೂತಳು. ಉಬ್ಬಿನ ಆಚೆಗೊಂದು ಈಚೆಗೊಂದು ಕಾಲು ಇಟ್ಟಳು. ಕನ್ನಡಿಯಲ್ಲಿ ನೋಡಿದರೆ ಅವಳ ಎರಡೂ ಕಡೆ ಖಾಲಿ ಸೀಟು, ಎರಡು ಖಾಲಿ ಕಿಟಕಿ.

"ಕಿಡಕಿ ಕಡೆ ಸರದ ಕುಂಡ್ರ ಕಾಕಿ, ಗಾಳಿ ಬರ್ತೈತಿ" ಎಂದೆ.

"ಇರ್ಲಿ ಬಿಡ ಶೋಭಾ" ಎಂದಳು. "ಹಾದ್ಯಾಗ ಯಾರರ ಹತ್ತತಾರ."

ಕಾರು ಗೋಕಾಕ ದಾಟಿತು. ಕಾಲುವೆ ಬಂತು, ಕಬ್ಬು ಬಂತು. ಎದುರಿಗೆ ಟ್ರ್ಯಾಕ್ಟರು ಬಂದಾಗ ನಾನು ಬ್ರೇಕ್ ಹಾಕಿದೆ, ಹಿಂದೆ ಅವಳ ಎರಡೂ ಕೈ ತಾವಾಗಿಯೇ ಅತ್ತ ಇತ್ತ ಚಾಚಿದವು. ನಾಗನೂರು ಮುಟ್ಟುವ ತನಕ ಯಾರೂ ಹತ್ತಲಿಲ್ಲ.